ರಾಜಮತಿಯ ಒಗ್ಗರಣೆ

ಗಡಹಿಂಗ್ಲಜದ ಜೈನರ ಓಣಿಯಲ್ಲಿ ರಾಜಮತಿಯ ಕೈರುಚಿಗೆ ಹೆಸರಿತ್ತು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟದ, ಹೊತ್ತು ಮುಳುಗಿದ ಮೇಲೆ ಉಣ್ಣದ ಮನೆ. ಆಕೆ ಬೇಳೆಗೆ ಇಂಗಿನ ಒಗ್ಗರಣೆ ಕೊಟ್ಟರೆ ಪಕ್ಕದ ಮನೆಯವರಿಗೂ ಹಸಿವಾಗುತ್ತಿತ್ತು. ಸೊಸೆ ಮನಾಲಿಗೆ ಗೋಧಿ ಆಗಿಬರದ ಸೀಲಿಯಾಕ್ ಕಾಯಿಲೆ ಇದೆಯೆಂದು ಕೊಲ್ಹಾಪುರದ ಡಾಕ್ಟರು ಹೇಳಿದ ಮೇಲೂ ಒಗ್ಗರಣೆಯ ಸೌಟು ಅತ್ತೆಯ ಕೈಯಲ್ಲೇ ಉಳಿಯಿತು. ಮಿಕ್ಕ ಕೆಲಸವೆಲ್ಲ ಮನಾಲಿಯದು. ಗಂಡಸರಿಗೆ ಮೆತ್ತಗಿನ ಚಪಾತಿ ಬೇಕು. ಅದನ್ನು ಲಟ್ಟಿಸಿ, ಬೇಯಿಸಿ, ಕೈ ತೊಳೆದು, ಬೇರೆ ಹಂಚು ಒಲೆಗಿಟ್ಟು ತನಗೊಂದು ಜೋಳದ ರೊಟ್ಟಿ ತಟ್ಟಿಕೊಳ್ಳಬೇಕು.

ಗೋಧಿಯ ಗ್ಲುಟೆನ್ ಅಂಶವಿಲ್ಲದ ಹಿಟ್ಟಿನ ಪೊಟ್ಟಣ ಊರಲ್ಲಿ ಸಿಗುತ್ತಿರಲಿಲ್ಲ. ಕೊಲ್ಹಾಪುರದಿಂದ ಒಮ್ಮೆ ತಂದ ಮಗ ಅಭಿಜಿತ ಬೆಲೆಗೆ ಬೆದರಿ ಮತ್ತೆ ತರಲಿಲ್ಲ. ಜೋಳವೂ ಈಗ ಗೋಧಿಗಿಂತ ತುಟ್ಟಿ. ರಾಜಮತಿ ಅದನ್ನು ತಾನೇ ಹಸನು ಮಾಡಿ, ಬೆಳಿಗ್ಗೆ ಗಿರಣಿಯವನಿಂದ ಕಲ್ಲು ಸ್ವಚ್ಛ ಮಾಡಿಸಿ, ಯಾರ ಗೋಧಿಯೂ ಬೀಳುವ ಮೊದಲೇ ಬೀಸಿಸಿಕೊಂಡು ಬರುತ್ತಿದ್ದಳು. ಆದರೂ ಮನಾಲಿಯ ಹೊಟ್ಟೆ ಸರಿಹೋಗಲಿಲ್ಲ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಇಷ್ಟೆಲ್ಲ ಮಾಡಿಯೂ ಹೀಗಾದರೆ ಹುಡುಗಿ ಕದ್ದು ತಿನ್ನುತ್ತಿರಬೇಕು ಎಂದು ರಾಜಮತಿ ತೀರ್ಮಾನಿಸಿದಳು.

ಇಚಲಕರಂಜಿಯಲ್ಲಿ ಮನಾಲಿಯ ತವರಿನಲ್ಲಿ ತೊಟ್ಟಿಲ ಕಾರ್ಯವಿತ್ತು. ಹೆಂಗಸರು ತುಂಬಿದ ನಡುಮನೆಯಲ್ಲಿ ರಾಜಮತಿ ಮನಾಲಿಯ ತಾಯಿ ಶಾಲನಳಿಗೆ ಹೇಳಿಯೇಬಿಟ್ಟಳು: "ಏನ್ರಿ ಬೀಗತಿ, ಮಗಳಿಗೆ ನಾಲಿಗಿ ಬಿಗಿ ಹಿಡಿಯೂದ ಕಲಿಸಿಲ್ಲೇನ್ರಿ? ಕದ್ದ ಚಪಾತಿ ತಿಂತಾಳ."

ಯಾರೋ ಕಿಸಕ್ಕೆಂದು ನಕ್ಕರು. ಎಲ್ಲರಿಗೂ ಹೋಳಿಗೆ ಬಡಿಸುತ್ತಿದ್ದ ಮನಾಲಿ ತಲೆ ಎತ್ತಲಿಲ್ಲ.

ಡಾಕ್ಟರರ ಕೈಲೂ ಒಂದಿಷ್ಟು ಬೈಸಬೇಕೆಂದು ರಾಜಮತಿ ಮುಂದಿನ ಸಲ ತಾನೂ ಕೊಲ್ಹಾಪುರಕ್ಕೆ ಹೋದಳು. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ ನಿಪ್ಪಾಣಿ ಕಡೆಯವಳು, ಕನ್ನಡದಲ್ಲೇ ಕೇಳಿದಳು: "ಬ್ಯಾಳಿಗೆ ಏನೇನ ಹಾಕ್ತೀರಿ, ಆಜಿ?"

"ಸಾಸಿವಿ, ಜೀರಗಿ, ಕರಿಬೇವು. ಆಮ್ಯಾಲ ಇಂಗು. ಇಂಗಿಲ್ಲದ ಪಲ್ಯಾನ ಇಲ್ಲ ನಮ್ಮ ಮನ್ಯಾಗ."

"ಡಬ್ಬ್ಯಾಗಿನ ಪುಡಿ ಏನ್ರಿ? ಅದರಾಗ ಭಾಳ ಮಂದಿ ಗೋಧಿ ಹಿಟ್ಟ ಕೂಡಸ್ತಾರ. ಹಿಂದ ಬರದಿರತಾರ, ಓದಿ ನೋಡ್ರಿ."

ಎದುರಿನ ಅಂಗಡಿಯಲ್ಲಿ ಮನೆಯಲ್ಲಿದ್ದಂಥದೇ ಇಂಗಿನ ಡಬ್ಬಿ ಇತ್ತು. ಮನಾಲಿ ಓದಿ ಅತ್ತೆಯ ಮುಖ ನೋಡಿದಳು. ಗೋಧಿ ಹಿಟ್ಟು ಇತ್ತು. ರಾಜಮತಿಯ ಕಿವಿ ಬಿಸಿಯಾದವು. ಎರಡೂ ಹೊತ್ತು ಹಾಕಿದ್ದು ತನ್ನದೇ ಕೈ.

ಬಸ್‌ಸ್ಟ್ಯಾಂಡಿನಲ್ಲಿ ಮೆಲ್ಲಗೆ ಅಂದಳು: "ಡಬ್ಬಿ ಒಗದಬಿಡೂನು. ಯಾರಿಗೂ ಹೇಳೂದ ಬ್ಯಾಡ."

"ನಮ್ಮವ್ವಗರೆ ಹೇಳ್ರಿ, ಅತ್ತಿ. ಮಂದ್ಯಾಗ ಅಂದಿದ್ರಿ."

ರಾಜಮತಿ ಫೋನು ಹಚ್ಚಿದಳು. "ಬೀಗತಿ, ಮನಾಲಿ ಕದ್ದ ತಿಂದಿಲ್ಲರಿ. ಇಂಗಿನ್ಯಾಗ ಗೋಧಿ ಇತ್ತು. ನಾನೇ ತಿನಸೇನಿ."

ಶಾಲನ ಅತ್ತಲಿಂದ ಅಂದಳು: "ನೀವ ಹೇಳಿದ್ದ ಖರೆ ಅಂತ ಅವತ್ತ ಒಳಗ ಕರದ ಹೊಡದೆನ್ರಿ ಆಕೀನ. ಆಕೀ ಕೈಯಾಗ ಫೋನ ಕೊಡ್ರಿ."

ಹೊಡೆದದ್ದು ರಾಜಮತಿಗೆ ಗೊತ್ತೇ ಇರಲಿಲ್ಲ. ಫೋನು ಚಾಚಿದಳು. ಮನಾಲಿ ತೆಗೆದುಕೊಳ್ಳಲಿಲ್ಲ.

"ಆಮ್ಯಾಲ ಮಾತಾಡ್ತೇನಿ. ಬಸ್ ಬಂತ ನೋಡ್ರಿ. ಹೊತ್ತ ಮುಳುಗೂದರಾಗ ಎಲ್ಲಾರ ಊಟ ಆಗಬೇಕಲ್ಲ, ಚಪಾತಿ ಯಾರ ಮಾಡ್ತಾರ?"

ಅವಳು ಬಸ್ಸು ಹತ್ತಿದಳು. ಫೋನಿನೊಳಗೆ ಶಾಲನ ಮಗಳ ಹೆಸರು ಕೂಗುತ್ತಲೇ ಇದ್ದಳು. ಕಿವಿಗಿಡುವ ಧೈರ್ಯವೂ ಇಲ್ಲದೆ, ಕಟ್ ಮಾಡಲೂ ಆಗದೆ, ರಾಜಮತಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಸೊಸೆಯ ಹಿಂದೆ ಹತ್ತಿದಳು.