ಒಂದೇ ಏಟಿಗೆ ಎರಡು ಗಾಂಧಾರ

ಗಿಟಾರಿನ ತಂತಿ ಬಿಗಿಯುವ ಬಿರಡೆಗೆ ಕೊಬ್ಬರಿ ಎಣ್ಣೆ ಹಾಕಬಾರದೆಂದು ಬಲ್ಲವರು ಹೇಳುತ್ತಾರೆ. ಅವರೊಮ್ಮೆ ಕುಮಟೆಯ ಉಪ್ಪುಗಾಳಿಯಲ್ಲಿ ಗಿಟಾರು ಇಟ್ಟು ನೋಡಲಿ. ನಾನಂತೂ ಹನಿ ಎಣ್ಣೆ ಬಿಟ್ಟು, ಬೆರಳು ತಾಗಿದರೆ ತಿರುಗುವಷ್ಟು ನುಣುಪಾಗಿ ಇಟ್ಟುಕೊಂಡಿದ್ದೆ. ಆ ನುಣುಪೇ ಮುಳುವಾಯಿತು, ನೋಡಿ.

ಜಾಝ್ ಸಂಗೀತದಲ್ಲಿ ಸೆವೆನ್ ಶಾರ್ಪ್ ನೈನ್ ಎಂಬೊಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ಇದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಶುದ್ಧ ಗಾಂಧಾರ ಕೋಮಲ ಗಾಂಧಾರ ಎರಡೂ ಒಂದೇ ಏಟಿಗೆ ನುಡಿಯಬೇಕು. ಕಿರುಬೆರಳು ಎರಡನೆಯ ತಂತಿಯ ಮೇಲೆ ಕೋಮಲಕ್ಕಾಗಿ ಚಾಚಿ ನಿಲ್ಲಬೇಕು. ಮಳೆಗಾಲವಿಡೀ ಬೆರಳು ನೋಯಿಸಿಕೊಂಡು ಕಲಿತೆ. ಜೋಗ್ ರಾಗದಲ್ಲಿ ಹತ್ತುವಾಗ ಒಂದು ಗಾಂಧಾರ, ಇಳಿಯುವಾಗ ಇನ್ನೊಂದು ಬಂದರೆ ತಲೆದೂಗುವ ನಮ್ಮ ಕಡೆಯವರು, ಆ ಎರಡೂ ಮೆಟ್ಟಿಲ ನಡುವೆ ಎದುರಾಗಿ ನಿಂತು ಮಾತಾಡಿಕೊಳ್ಳುವುದನ್ನು ಒಮ್ಮೆ ಪೂರ್ತಿ ಕೇಳಲಿ ಎಂಬುದಷ್ಟೇ ಆಸೆ.

ಹೆಬಳೆಯ ಅಕ್ಕನ ಮನೆಯ ಶನಿವಾರದ ಭಜನೆಯಲ್ಲಿ, ಒಂದು ಹಾಡಿನ ಕೊನೆಗೆ ನುಡಿಸಿಯೇಬಿಟ್ಟೆ. ಹಾರ್ಮೋನಿಯಂ ಹಿಡಿದಿದ್ದ ಬಾವನ ಮುಖ ಹುಣಸೆ ಚೀಪಿದಂತಾಯಿತು. ನಾನು ನೀರು ಕುಡಿದು ಬಂದು ಮುಂದಿನ ಹಾಡಿಗೆ ಸಾದಾ ಕಾರ್ಡ್ ಹಿಡಿದರೆ ಗಿಟಾರು ಕಿರುಚಿಕೊಂಡಿತು!

“ಎಂತ ಆತು ಇದಕ್ಕೆ?” ಎಂದೆ.

“ಎರಡನೇ ತಂತಿ ಇಳಿದು ಹೋಗಿತ್ತು ಮಾರಾಯ. ನಿನ್ನ ಕಿರುಬೆರಳಿನ ಜಾಗ ಒತ್ತಿ, ಬಿರಡೆ ತಿರುಪಿ, ನನ್ನ ಶುದ್ಧ ಗಾಂಧಾರಕ್ಕೆ ಸರಿ ಮಾಡಿಟ್ಟೆ,” ಎಂದರು ಬಾವ, ದೊಡ್ಡ ಉಪಕಾರ ಮಾಡಿದವರ ದನಿಯಲ್ಲಿ.

ಉಪಕಾರವಂತೆ! ಅದೇ ತಂತಿ ಅಲ್ಲಿಯವರೆಗಿನ ಹಾಡುಗಳಿಗೆಲ್ಲ ಸರಿಯಿತ್ತಲ್ಲ? ಕಿವಿಗೆ ಹೊಸದಾದದ್ದೆಲ್ಲ ಕೆಟ್ಟದ್ದು, ಕೆಟ್ಟದ್ದನ್ನು ಕೇಳದೆಯೇ ತಿರುಪಿ ಸರಿಮಾಡಬಹುದು ಎಂಬ ಧೈರ್ಯ ನಮಗೆಲ್ಲಿಂದ ಬಂತೋ! ಯಕ್ಷಗಾನ ಕೇಳುತ್ತ ಬೆಳೆದ ಈ ಸೀಮೆಯಲ್ಲಿ ಪ್ರತಿಯೊಬ್ಬನೂ ಶ್ರುತಿಯ ಕಾವಲುಗಾರ. ಅದು ನನ್ನ ಹೆಮ್ಮೆಯೂ ಹೌದು. ಆದರೆ ಕಾವಲುಗಾರ ಬಾಗಿಲಿಗೆ ಬಂದ ನೆಂಟನಿಗೂ ದೊಣ್ಣೆ ಎತ್ತಬೇಕೇ?

ಮೈಯೆಲ್ಲ ಉರಿದು ಹೇಳಿದೆ: “ಹಾಗಾದರೆ ನಿಮ್ಮ ಹಾರ್ಮೋನಿಯಂ ಪೆಟ್ಟಿಗೆಯಲ್ಲೇ ಎರಡೂ ಗಾಂಧಾರ ಒಟ್ಟಿಗೆ ಒತ್ತಿ ಬಾವ. ಅದರ ಬಿರಡೆ ಎಲ್ಲಿ ತಿರುಪ್ತೀರಿ, ನೋಡುವ!”

ಒತ್ತಿದರು. “ಥೋ, ಕಾಫಿಗೆ ಮಜ್ಜಿಗೆ ಹೊಯ್ದ ಹಾಗಾತು,” ಎಂದರು. ಅಕ್ಕ ಒಳಗಿಂದ, “ಸಾಕು ಮಾರಾಯ್ರೇ, ಪಂಚಕಜ್ಜಾಯಕ್ಕೆ ಇರುವೆ ಬಂತು!” ಎಂದು ಕೂಗಿದಳು. ಆದರೆ ಬಾವ ಬೆರಳು ಎತ್ತಲಿಲ್ಲ. ಕೆಳಗೆ ಮೆಲ್ಲಗೆ ಷಡ್ಜವನ್ನೂ ಸೇರಿಸಿ, ತಲೆ ವಾರೆ ಮಾಡಿ, ತಿದಿ ಒತ್ತುತ್ತಲೇ ಇದ್ದರು.

ನನ್ನ ಸಿಟ್ಟು ಇಳಿದಿಲ್ಲ. ಬಿರಡೆಗೆ ಎಣ್ಣೆ ಹಾಕುವುದನ್ನು ಮಾತ್ರ ಬಿಟ್ಟಿದ್ದೇನೆ. ತಿರುಪಲು ಬರುವವರು ಇನ್ನು ಸ್ವಲ್ಪ ಬೆವರಲಿ. ಅಷ್ಟರೊಳಗಾದರೂ ಆ ಎರಡು ಗಾಂಧಾರಗಳ ಮಾತು ಕಿವಿಗೆ ಬಿದ್ದೀತು.