ಎರಡು ಬಿಲ್ಲೆ

ಮೊನ್ನೆ ಸುರಪುರದ ನಾವು ಐದಾರು ಜನ ನಿವೃತ್ತ ಮಾಸ್ತರರು ನದಿಯಾಚೆಯ ಹಳೆಯ ಚಿನ್ನದ ಗಣಿ ನೋಡಲು ಹೋಗಿದ್ದೆವು. ಕೊಟ್ಟ ಹೆಲ್ಮೆಟ್ ನನ್ನ ಬೋಳುತಲೆಯಿಂದ ಜಾರಿ ಮೂಗಿನ ಮೇಲೆ ಕೂತಿತ್ತು. ಕೆಳಗಿಳಿದೊಡನೆ ಹಸಿ ಕಲ್ಲಿನ ವಾಸನೆ. ನಾನು ಚಿಕ್ಕವನಿದ್ದಾಗ ಇದೇ ಗಣಿಯಿಂದ ರಜೆಗೆ ಬರುತ್ತಿದ್ದ ಶರಣಪ್ಪ ಕಾಕಾನ ಕಂಬಳಿಗೂ ಇದೇ ವಾಸನೆ ಇರುತ್ತಿತ್ತು.

ಗಣಿ ತೋರಿಸುವ ಹುಡುಗಿ ಚುರುಕಾಗಿದ್ದಳು. "ಸಾಹೇಬರು ಮಷೀನ್ ತರೂಕಿಂತ ಎಷ್ಟೋ ಮೊದಲ ಇಲ್ಲಿ ಅಗದಾರ್ರಿ. ಬೆಂಕಿ ಹಾಕಿ ಬಂಡಿಗಲ್ಲು ಕಾಸೂದು, ಮ್ಯಾಲ ನೀರು ಸುರವಿ ಸೀಳೂದು." ಎಷ್ಟು ಜನ ಸತ್ತಿರಬಹುದು ಎಂದು ನಮ್ಮಲ್ಲೊಬ್ಬರು ಕೇಳಿದರು. "ಅವರನ್ನ ಯಾರು ಎಣಸ್ಯಾರ್ರಿ?" ಎಂದಳು.

ಮೇಲೆ ಬಂದ ಮೇಲೆ ಮೊಳೆಗಳ ಸಾಲಿದ್ದ ಒಂದು ಹಲಗೆ ತೋರಿಸಿದಳು. ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಹಾಕಬೇಕು, ಮೇಲೆ ಬಂದು ತೆಗೆದುಕೊಳ್ಳಬೇಕು. ಹಲಗೆ ಖಾಲಿಯಾಗದೆ ಕೆಳಗೆ ಬಂಡೆ ಸಿಡಿಸುವ ಮದ್ದು ಹಾರಿಸುವಂತಿಲ್ಲ. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಂಡರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಕಾಕಾ ಗಣಿ ಬಿಟ್ಟು ಬಂದದ್ದು ನಮ್ಮ ಕಡೆ ಕಾಲುವೆ ಬಂದ ಹೊಸತರಲ್ಲಿ. ದೇವಾಪುರದ ಹತ್ತಿರ ಗೇಟು ಕಾಯುವ ಕೆಲಸ ಹಿಡಿದ. ನೀರು ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಹಬ್ಬಕ್ಕಷ್ಟೇ ಅನ್ನ ಕಂಡಿದ್ದ ನಾವು ಅನ್ನ ಮೆತ್ತಗಾಯಿತೆಂದು ಬೈಯುವಷ್ಟು ದೊಡ್ಡವರಾದೆವು. ಕಾಕಾ ಮಾತ್ರ ಪ್ರತಿ ಸುಗ್ಗಿಯ ಮೊದಲ ಭತ್ತದ ಚೀಲವನ್ನು ಹುಣಸಗಿಗೆ ಒಯ್ಯುತ್ತಿದ್ದ. ಅಲ್ಲಿ ದ್ಯಾವಮ್ಮ ಇದ್ದಳು, ಗಣಿಯಲ್ಲಿ ಸತ್ತ ಅವನ ಜೊತೆಗಾರ ಮಾನಪ್ಪನ ಹೆಂಡತಿ. "ಗೆಳೆತನ ಅಂದ್ರ ಇದು" ಎಂದು ಊರವರು ಹೊಗಳಿದರೆ ತಲೆ ತಗ್ಗಿಸುತ್ತಿದ್ದ.

ಒಂದು ಮಧ್ಯಾಹ್ನ ಕಾಲುವೆಯ ಏರಿಯ ಮೇಲೆ ಕೂತು ನನಗೆ ಹೇಳಿದ.

"ನಾನು, ಮಾನಪ್ಪ, ಇಬ್ಬರಾಗ ಯಾರು ಮೊದಲ ಮ್ಯಾಲ ಬರ್ತೀವಿ, ಅವರು ಇಬ್ಬರದೂ ಬಿಲ್ಲಿ ತಗೀತಿದ್ವಿ. ಸಾಲಿನ್ಯಾಗ ನಿಂದ್ರೂದು ತಪ್ಪತಿತ್ತು. ಅವತ್ತ ಅಂವ ಬುತ್ತಿ ಗಂಟು ಮರ್ತು ಹೊಳ್ಳಿ ಕೆಳಗ ಹೋಗ್ಯಾನ, ನನಗ ಗೊತ್ತಿಲ್ಲ. ಎರಡೂ ಬಿಲ್ಲಿ ತಗದು, ಎರಡು ಚಾ ಹೇಳಿ ಕುಂತಿದ್ದೆ. ಮದ್ದು ಹಾರಿತು."

ಒಂದು ಹೆಂಟೆ ಎತ್ತಿ ನೀರಿಗೆ ಎಸೆದು, "ಬಿಲ್ಲಿ ಯಾರು ತಗದ್ರಂತ ಕೇಳಿದ್ರು. ನಾ ಬಾಯಿ ಬಿಡಲಿಲ್ಲ. ದ್ಯಾವಮ್ಮಗ ಹೇಳಿಬಿಡ್ಲ್ಯಾ? ನೀ ಓದಿದಾಂವ, ನೀ ಹೇಳು" ಎಂದ.

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವುದು ಮಾಸ್ತರರ ಚಾಳಿ, ನಿಮಗೆ ಗೊತ್ತೇ ಇದೆ. "ಈಗ್ಯಾಕ ಕಾಕಾ? ಮಾಯ್ದ ಗಾಯ ಕೆರೀಬ್ಯಾಡ" ಎಂದೆ. ಕಾಕಾ ಆಗಲಿ ಎಂದು ಗೋಣು ಹಾಕಿದ. ಕೆಲವು ವರ್ಷಕ್ಕೆ ತೀರಿಕೊಂಡ. ಒಳ್ಳೆಯ ಬುದ್ಧಿ ಹೇಳಿದೆನೆಂದೇ ನಾನು ಇಷ್ಟು ದಿನ ತಿಳಿದಿದ್ದೆ. ಆ ಹಲಗೆ ನೋಡಿದ ಮೇಲೆ ಹಾಗೆನ್ನಿಸಲಿಲ್ಲ. ಗೆಳೆಯರನ್ನು ಬಿಟ್ಟು ಹುಣಸಗಿಗೆ ಹೋದೆ.

ದ್ಯಾವಮ್ಮ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ತಡವರಿಸುತ್ತ ಕಾಕಾ ಹೇಳಿದ್ದನ್ನು ಹೇಳಿದೆ. ಆಕೆಯ ಕೈ ನಿಲ್ಲಲಿಲ್ಲ.

"ಗೊತ್ತೈತೋ ತಮ್ಮಾ. ನನ್ನ ಗಂಡ ಕೆಳಗ, ಅವನ ಬಿಲ್ಲಿ ಮೊಳಿಮ್ಯಾಲ ಇಲ್ಲ. ತಗದಾಂವ ಇನ್ನ್ಯಾರು? ಒಂದ ಗಂಗಾಳದಾಗ ಉಂಡವರು."

"ಮತ್ತ ನೀ ಯಾಕ ಕೇಳಲಿಲ್ಲ ಯವ್ವಾ?"

"ಅಂವನ ಬಾಯಿ ಬಿಟ್ಟು ಹೇಳಲಿ ಅಂತ ಕಾದೆ. ವರ್ಷಾ ವರ್ಷಾ ಚೀಲ ಇಳಿಸಿ ಬಾಗಲದಾಗ ನಿಂತು ಏನೋ ಅನ್ನಾಕ ಬರ್ತಿದ್ದ. ಅಂದಿದ್ರ, ಹೋಗಲಿ ಬಿಡೋ ಅಂತಿದ್ದೆ. ಆಮ್ಯಾಲ ಯಾವುದೋ ಒಂದ ವರ್ಷದಿಂದ ನಿಂದ್ರೂದ ಬಿಟ್ಟ. ಚೀಲ ಇಟ್ಟು ಹೋಗಿಬಿಡತಿದ್ದ."

ಯಾವ ವರ್ಷದಿಂದ ಎಂದು ನಾನು ಕೇಳಲಿಲ್ಲ. "ಹೇಳಬ್ಯಾಡ ಅಂದಾಂವ ನಾನ ಯವ್ವಾ" ಎಂದೆ.

ಆಕೆ ಮೊರ ಕೆಳಗಿಟ್ಟಳು. ನನ್ನ ಮುಖ ನೋಡಿ, "ಹೋಗಲಿ ಬಿಡೋ" ಎಂದಳು.

ಕಾಕಾ ಸಾಯುವ ತನಕ ಆಕೆಯ ಬಾಯಿಂದ ಕೇಳಬೇಕೆಂದಿದ್ದ ಮಾತು ನನಗೆ ಸಿಕ್ಕಿತು. ಅದನ್ನು ತೆಗೆದುಕೊಂಡು ಎಲ್ಲಿಗೆ ಹೋಗಲಿ?