ದನಿ ಒಡೆಯುವ ಹೊತ್ತು

ಹೋದ ವಾರ ಬಾಗಲಕೋಟೆಯ ಒಂದು ಕಿರಾಣಿ ಅಂಗಡಿಯಲ್ಲಿ ಯಾರೋ ಜ್ಯೇಷ್ಠಮಧು ಕೇಳಿದರು. ಅಂಗಡಿಯವ ಡಬ್ಬಿಯ ಮುಚ್ಚಳ ತೆಗೆದ. ಆ ಒಣ ಬೇರಿನ ಸಿಹಿ ವಾಸನೆ ಬಂದದ್ದೇ ತಡ, ನಾನು ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. ಇಳಕಲ್ಲಿನಲ್ಲಿ ನನ್ನ ಅಕ್ಕನ ಮಗನಿಗೆ ಸಂಗೀತ ಕಲಿಸುತ್ತಿದ್ದ ಅಕ್ಕೋರು ಗಂಟಲಿಗೆ ಒಳ್ಳೆಯದೆಂದು ಅದರ ಒಂದು ಚೂರನ್ನು ಸದಾ ದವಡೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಅವರು ಮಾತಾಡಿದರೆ ಕೋಣೆಗೆಲ್ಲ ಆ ವಾಸನೆ...

ಆ ಪಾಠಕ್ಕೆ ನಾನು ತಬಲಾ ನುಡಿಸುತ್ತಿದ್ದೆ. ಹುಡುಗನಿಗೆ ಆಗ ಹನ್ನೆರಡು ವರ್ಷ. ಅವನು ವಚನ ಎತ್ತಿಕೊಂಡರೆ ಹೆಂಗಸರು ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಮಗ್ಗದಲ್ಲಿ ದುಡಿಯುತ್ತಿದ್ದ ಅವನ ತಂದೆ, ನಮ್ಮ ಭಾವ, ಶ್ರಾವಣ ಬಂತೆಂದರೆ ಅವನನ್ನು ಹಾಡಿಸಲು ಕರೆದುಕೊಂಡು ಶಿರೂರು, ಬಾದಾಮಿ ಎಂದು ತಿರುಗುತ್ತಿದ್ದರು. ಆ ವರ್ಷ ಹುಡುಗನ ಮೇಲ್ದುಟಿಯ ಮೇಲೆ ನೆರಳಿನಂಥದೇನೋ ಕಂಡಿತು. ದನಿ ಒಡೆಯುತ್ತದೆ ಎಂಬ ಭಯಕ್ಕೆ ಭಾವನ ನಿದ್ದೆ ಹಾರಿತು.

ಪಕ್ಕದ ಮನೆಯ ಹುಡುಗಿಯೊಬ್ಬಳ ಮೈ ಏಳನೆಯ ವಯಸ್ಸಿಗೇ ಬಲಿಯತೊಡಗಿತ್ತು. ಅದನ್ನು ತಡೆಯಲು ಬಾಗಲಕೋಟೆಯ ಮಕ್ಕಳ ಡಾಕ್ಟರು ಇಂಜೆಕ್ಷನ್ ಕೊಡುತ್ತಿದ್ದರು. ಅದನ್ನೇ ಮಗನಿಗೂ ಹಾಕಿಸಬೇಕೆಂದು ಭಾವ ಹಟ ಹಿಡಿದರು. ಅಕ್ಕೋರು ಒಪ್ಪಿದರೆ ಮಾತ್ರ ತನ್ನ ಒಪ್ಪಿಗೆ ಎಂದಳು ಅಕ್ಕ. ಹೀಗಾಗಿ ನಾವು ನಾಲ್ವರೂ ಆ ದವಾಖಾನೆಗೆ ಹೋದೆವು: ಭಾವ, ಹುಡುಗ, ಅಕ್ಕೋರು, ನಾನು.

ಡಾಕ್ಟರು ಸಿಟ್ಟಾಗಲಿಲ್ಲ. ನಿಧಾನವಾಗಿ ಹೇಳಿದರು. "ಮಿದುಳಿನ ತಳದಾಗ ಒಂದು ಸಣ್ಣ ಜಾಗ ಐತ್ರಿ. ಕೂಸು ಹುಟ್ಟಿದ ಮ್ಯಾಲೆ ಕೆಲವು ತಿಂಗಳ ಅದು ಎಚ್ಚರ ಇರತೈತಿ. ಆಮ್ಯಾಲೆ ವರ್ಷಗಟ್ಟಲೆ ಸುಮ್ಮನಾಗಿಬಿಡತೈತಿ. ಮುಂದ ಒಂದಿನ, ಹುಡುಗ ಮಲಗಿದಾಗ, ಮತ್ತ ಶುರು ಮಾಡತೈತಿ. ಒಂದು ತಟ್ಟು, ಬಿಡುವು, ಇನ್ನೊಂದು ತಟ್ಟು. ಅದನ್ನ ಕೇಳಿ ಮೈ ಬೆಳೀತೈತಿ."

"ಯಾರು ಎಬ್ಬಸ್ತಾರ್ರಿ ಅದನ್ನ?" ಅಕ್ಕೋರು ಕೇಳಿದರು.

"ಪೂರಾ ನಮಗೂ ಗೊತ್ತಿಲ್ರಿ, ಅಮ್ಮಾ."

"ಮತ್ತ ಇಂಜೆಕ್ಷನ್ ಏನ್ ಮಾಡತೈತಿ?"

"ಬಿಡುವಿಲ್ಲದ ಒಂದೇ ಸಮ ತಟ್ಟಿದಂಗ. ಮೈ ಕೇಳೂದನ್ನ ಬಿಡತೈತಿ."

ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅಕ್ಕೋರ ಬೆರಳು ಅಲ್ಲಿಗೇ ನಿಂತಿತು. ಇಷ್ಟು ವರ್ಷ ತಬಲಾ ಬಾರಿಸಿದ್ದೆ; ಪ್ರತಿಯೊಬ್ಬರ ತಲೆಯೊಳಗೂ ಇಂಥದೊಂದು ಲಯ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಹುಡುಗಿಗೆ ಇಂಜೆಕ್ಷನ್ ಬೇಕೇ ಬೇಕಿತ್ತು ಎಂದರು ಡಾಕ್ಟರು. ಅವಳ ಎಲುಬು ವಯಸ್ಸು ಮೀರಿ ಓಡುತ್ತಿತ್ತು, ಎತ್ತರ ಅಲ್ಲಿಗೇ ನಿಂತುಬಿಡುತ್ತಿತ್ತು, ಅವಳಿನ್ನೂ ಬರೀ ಮಗು. "ಇವಂದು ಹೊತ್ತಿಗೆ ಸರಿಯಾಗಿ ನಡದೈತಿ. ನಾ ಹಾಕೂದಿಲ್ರಿ."

ಹೊರಗೆ ಬಂದು ಚಹಾದ ಅಂಗಡಿಯಲ್ಲಿ ಕೂತೆವು. ಭಾವ ಸೋತಿರಲಿಲ್ಲ. "ಹುಬ್ಬಳ್ಳಿಗೆ ಹೋಗ್ತೇನಿ. ಅಲ್ಲಿ ಯಾರರ ಹಾಕ್ತಾರ. ಅಕ್ಕೋರ, ನೀವು ಹೂಂ ಅನ್ರಿ ಸಾಕು. ಈ ದನಿ ಹೋದ್ರ ನಾ ಏನ್ ಕೇಳ್ಲಿ?"

ಆ ದನಿಯನ್ನು ಭಾವನಿಗಿಂತ ಹೆಚ್ಚು ಪ್ರೀತಿಸಿದವರು ಯಾರಾದರೂ ಇದ್ದರೆ ಅದು ಅಕ್ಕೋರು. ಹೂಂ ಅಂದುಬಿಡುತ್ತಾರೇನೋ ಎಂದು ನನಗೆ ಹೆದರಿಕೆಯಾಯಿತು. ಅವರು ಭಜಿ ತಿನ್ನುತ್ತಿದ್ದ ಹುಡುಗನ ಕಡೆ ತಿರುಗಿದರು.

"ನಿನಗೇನ್ ಬೇಕೋ, ತಮ್ಮಾ?"

"ಮೀಸಿ ಬೇಕ್ರಿ, ಅಕ್ಕೋರ."

"ಮೀಸಿ ಅಂತ, ಮೀಸಿ! ಮೊದಲ ಮೂಗ ಒರಸ್ಕೋ," ಎಂದು ಭಾವ ಗದರಿದರು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕೋರು ನಗಲಿಲ್ಲ.

"ನಾ ದೊಡ್ಡಾಕಿ ಆದ ದಿನಾನ ನಮ್ಮಪ್ಪ ನನ್ನ ಪೇಟಿ ಅಟ್ಟಕ್ಕ ಹಾಕಿದಾ," ಎಂದರು. ಪೇಟಿ ಎಂದರೆ ಹಾರ್ಮೋನಿಯಂ. "ಮೈ ಬೆಳೀತು ಅಂತ ಹಾಡ ನಿಂದರಿಸಿದ್ರು. ಮದಿವ್ಯಾಗಿ, ಮಕ್ಕಳಾಗಿ, ಆಮ್ಯಾಲೆ ಬಾಯಿ ತಗದೆ. ಆ ದನಿ ಇರಲಿಲ್ಲ. ಈಗ ಹಾಡ ಉಳೀಲಿ ಅಂತ ಇವನ ಮೈ ನಿಂದರಸೂಣು ಅಂದ್ರ, ನನ್ನ ಬಾಯಾಗ ಹೂಂ ಬರೂದಿಲ್ಲಪಾ."

ಭಾವ ತಮ್ಮ ಪಾಲಿನ ಭಜಿಯನ್ನೂ ಮಗನ ಮುಂದೆ ಸರಿಸಿದರು. ಹುಬ್ಬಳ್ಳಿಗೆ ಹೋಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ, ಮೇಲಿನ ಷಡ್ಜಕ್ಕೆ ಏರುವಾಗ, ಹುಡುಗನ ದನಿ ಎರಡಾಗಿ ಸೀಳಿತು. ಅವನು ನಾಚಿ ಮುಖ ಮುಚ್ಚಿಕೊಂಡ. ಭಾವ ಎದ್ದು ಹೊರಗೆ ಹೋದರು. ಅಕ್ಕೋರು ಮಾತ್ರ ಕಣ್ಣರಳಿಸಿ, ಉಸಿರು ಹಿಡಿದು ಕೇಳುತ್ತಿದ್ದರು. "ಸುಮ್ನಿರ್ರಿ... ಒಳಗ ಯಾರೋ ಬಂದಾರ."

ಆಮೇಲೆ ಅವರು ಪೇಟಿಯ ಮೇಲೆ ಒಂದೊಂದೇ ಸ್ವರ ಕೆಳಗಿಳಿಯುತ್ತ, "ಇಲ್ಲೇನು? ಇಲ್ಲೇನು?" ಎಂದು ಹೊಸಬರಿಗೆ ಕೂಡಲು ಜಾಗ ಹುಡುಕುವಂತೆ ಕೇಳುತ್ತ ಹೋದರು. ಬಹಳ ಕೆಳಗೆ, ಒಂದು ಕಡೆ, ಹುಡುಗನ ದನಿ ನಡುಗುತ್ತ ನಿಂತಿತು. ಮನುಷ್ಯನೊಬ್ಬ ನಮ್ಮ ಎದುರಿಗೇ ಹುಟ್ಟಿದ್ದನ್ನು ನಾನು ಅವತ್ತು ಕೇಳಿದೆ. ಅದನ್ನು ಬೇರೆ ಹೇಗೆ ಹೇಳಬೇಕೋ ಇವತ್ತಿಗೂ ತಿಳಿಯದು.

ಅವನು ಹಾಡುಗಾರನಾಗಲಿಲ್ಲ. ಹೊಸ ದನಿ ಸಾಧಾರಣದ್ದು. ಈಗ ಹುನಗುಂದದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ, ಸುಖವಾಗಿದ್ದಾನೆ. ಹನ್ನೆರಡನೆಯ ವಯಸ್ಸಿನಲ್ಲಿ ಅವನು ಹಾಡಿದ ವಚನವೊಂದು ಭಾವನ ಮೊಬೈಲಿನಲ್ಲಿದೆ. ಅವರು ಅದನ್ನು ಹಚ್ಚಿದಾಗಲೆಲ್ಲ, "ಯಾವ ಹುಡುಗಿಪಾ ಇಕಿ, ಚಲೋ ಹಾಡ್ತಾಳ," ಎಂದು ಮಗನೇ ಕಾಡಿಸುತ್ತಾನೆ. ಭಾವ ನಕ್ಕು, ಮತ್ತೆ ಮೊದಲಿನಿಂದ ಹಚ್ಚುತ್ತಾರೆ.

ಅಕ್ಕೋರು ಹೋಗಿ ಎರಡು ವರ್ಷವಾಯಿತು. ಅಟ್ಟಕ್ಕೆ ಪೇಟಿ ಏರುವ ಮೊದಲು ಅವರ ದನಿ ಹೇಗಿತ್ತೋ... ಅದು ಯಾವ ಮೊಬೈಲಿನಲ್ಲೂ ಇಲ್ಲ. ಅದನ್ನು ಕೇಳಿದವರು ಒಬ್ಬರೂ ಈಗ ಉಳಿದಿಲ್ಲ.